ಬೀಗರ ಕಾರು ಎಷ್ಟು ದೂರ ಹೋಗುತ್ತದೆ

ಟ್ರೋಂಡ್‌ಹೈಮ್

ನಾರ್ವೆಯ ನಡುಭಾಗದ ಟ್ರೋಂಡ್‌ಹೈಮ್ ವಿಮಾನ ನಿಲ್ದಾಣದಲ್ಲಿ ನಾನೂ ನಮ್ಮ ಮನೆಯವರೂ ಒಂದು ಬೋರ್ಡಿನ ಕೆಳಗೆ ಕತ್ತೆತ್ತಿ ನಿಂತಿದ್ದೆವು. ಉತ್ತರಕ್ಕೆ ಹಾರುವ ಎಲ್ಲ ವಿಮಾನಗಳ ಮುಂದೆಯೂ ಒಂದೇ ಕೆಂಪು ಪದವಿತ್ತು. ಆ ಭಾಷೆ ಬಾರದಿದ್ದರೇನು, ಕೆಂಪು ಬಣ್ಣ ಓದಲು ಬರುತ್ತದಲ್ಲ.

ಬಿರುಗಾಳಿ ಎದ್ದಿದೆಯಂತೆ. ಎರಡು ದಿನ ವಿಮಾನವಿಲ್ಲವಂತೆ. ಅದು ಶುಕ್ರವಾರ, ರವಿವಾರ ನಾವು ಬೂಡೊ ಎಂಬ ಊರಿನಲ್ಲಿರಬೇಕಿತ್ತು. ಅಲ್ಲಿ ನನ್ನ ತಮ್ಮ ಬಸು, ದ್ವೀಪಗಳಿಗೆ ಜನರನ್ನು ದಾಟಿಸುವ ಹಡಗಿನಲ್ಲಿ ಇಂಜಿನಿಯರ್. ಅಲ್ಲಿಯ ಹುಡುಗಿ ಇಂಗ್ರಿಡ್‌ಳನ್ನು ಮದುವೆಯಾಗಿದ್ದಾನೆ. ಎರಡು ಸಲ ಬಸಿರು ಕಳೆದುಕೊಂಡ ಮೇಲೆ ಈಗ ಅವರಿಗೆ ಹೆಣ್ಣು ಕೂಸು. ರವಿವಾರ ಹೆಸರಿಡುವ ಕಾರ್ಯ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ. ಬಸುವಿಗೆ ಇರುವ ಒಬ್ಬಳೇ ಅಕ್ಕ ನಾನು. ಸೋಮವಾರ ಅವನು ಹಡಗು ಹತ್ತಿದರೆ ಮತ್ತೆ ಇಳಿಯುವುದು ನಾವು ಊರಿಗೆ ಮರಳಿದ ಮೇಲೆಯೇ.

ಫೋನು ಹಚ್ಚಿದೆ.

"ಅಕ್ಕಾ, ರೈಲಿನ ಹಳಿ ಮ್ಯಾಲೂ ಹಿಮ ಕುಸದೈತಿ," ಅಂದ ಬಸು. "ನೀವು ಅಲ್ಲೇ ನಿಂದರ್ರಿ. ನಮ್ಮ ಮಾವಾರು ಅದ ಊರಾಗ ಅದಾರ. ಕಾರ್ ತಗೊಂಡು ಬರ್ತಾರ."

"ಕಾರಿನ್ಯಾಗ ಎಷ್ಟ ದೂರಪಾ?"

"ಏಳು ನೂರು ಕಿಲೋಮೀಟರ್. ನಡುವ ಒಂದ ಘಾಟಿ ಐತಿ. ಎರಡ ದಿನದಾಗ ಮುಟ್ತೀರಿ."

ಬೀಗರು ಬಂದರು. ಹೆಸರು ಆರ್ನೆ, ಎಪ್ಪತ್ತರ ಆಸುಪಾಸು, ಬಾಗಿಲು ತಾಗುವಷ್ಟು ಎತ್ತರ, ಬಿಳಿ ಹುಬ್ಬು. ಕೈ ಕುಲುಕಿದರು, ನಮ್ಮ ಎರಡು ದೊಡ್ಡ ಪೆಟ್ಟಿಗೆಗಳನ್ನು ಎತ್ತಿಕೊಂಡರು, ನಡೆದರು. ಬೀಗರನ್ನು ಮೊದಲ ಸಲ ಕಂಡಾಗ ನಮ್ಮಲ್ಲಿ ಮಾತಾಡಬೇಕಾದ ಅಷ್ಟೂ ಮಾತುಗಳು ನನ್ನ ಬಾಯಲ್ಲೇ ಉಳಿದವು.

ಅವರ ಕಾರು ಕಪ್ಪಗೆ, ಆನೆಯಂತೆ ನಿಂತಿತ್ತು. ಕರೆಂಟಿನಿಂದ ಓಡುವ ದುಬಾರಿ ಕಾರು. ನಮ್ಮ ಮನೆಯವರು ವೀರಪ್ಪ, ರೋಣದ ಮಾರ್ಕೆಟ್ಟಿನಲ್ಲಿ ಶೇಂಗಾ ವ್ಯಾಪಾರಿ. ಕಾರು ಕಂಡದ್ದೇ ತಡ, ಚಳಿ, ವಿಮಾನ ಎಲ್ಲ ಮರೆತರು. ಅದಕ್ಕೆ ಕಾರಣವಿತ್ತು. ನರಗುಂದದಲ್ಲಿರುವ ಅವರ ಚಿಗವ್ವನ ಮಗ ಇಂಥದೇ ಕಾರು ಬುಕ್ ಮಾಡಿ ಕೂತಿದ್ದ. ಇದು ಒಂದೇ ಉಸಿರಿಗೆ ಬೆಂಗಳೂರು ಮುಟ್ಟುತ್ತದೋ ಇಲ್ಲವೋ ಎಂಬ ಬಗ್ಗೆ ಅಂಗಡಿಯಲ್ಲಿ ತಿಂಗಳುಗಟ್ಟಲೆ ವಾದ ನಡೆದಿತ್ತು.

ಕಾರಿನ ಬಾಗಿಲಿಗೆ ಹಿಡಿಕೆಯೇ ಇರಲಿಲ್ಲ. ವೀರಪ್ಪನವರು ಅಂಗೈಯಿಂದ ಅಲ್ಲಿ ಇಲ್ಲಿ ಒತ್ತಿ ನೋಡಿದರು. ಮಾಲೀಕರು ಹತ್ತಿರ ಬಂದರೆ ಹಿಡಿಕೆ ತಾನಾಗಿ ಹೊರಗೆ ಬರುತ್ತದಂತೆ. ಅವತ್ತು ಹಿಮ ಕಟ್ಟಿ ಒಳಗೇ ಕಚ್ಚಿಕೊಂಡಿತ್ತು. ಬೀಗರು ಮುಷ್ಟಿಯಿಂದ ಬಾಗಿಲಿಗೆ ಎರಡು ಗುದ್ದಿದರು. ಹಿಡಿಕೆ ಬಂತು.

"ಹಾಂ, ಇದು ನಮ್ಮ ಟ್ರ್ಯಾಕ್ಸ್ ಜೀಪಿನ ಬಾಗಲದ್ದ ಸ್ವಭಾವ," ಅಂದರು ನಮ್ಮ ಮನೆಯವರು ಸಮಾಧಾನದಿಂದ.

ಒಳಗೆ ಟಿ.ವಿ.ಯಂಥ ಪರದೆ. ಅದರ ಮೂಲೆಯಲ್ಲಿ, ಇನ್ನೆಷ್ಟು ಕಿಲೋಮೀಟರ್ ಓಡಬಹುದು ಎಂದು ಹೇಳುವ ಒಂದು ಸಂಖ್ಯೆ: ಐದು ನೂರಾ ಹತ್ತು.

"ಅಷ್ಟೂ ಹೋಗತೈತೇನು, ಕೇಳು," ಎಂದು ನನ್ನ ಮೊಣಕೈ ತಿವಿದರು. ನಾನು ಗಜೇಂದ್ರಗಡದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಆ ಎರಡು ದಿನ ದುಭಾಷಿಯ ಕೆಲಸ ನನ್ನದು. ಕೇಳಿದೆ.

ಬೀಗರು ಯೋಚಿಸಿ, "ಬೇಸಿಗೆಯಲ್ಲಿ," ಅಂದರು. ಆಮೇಲೆ ತುಸು ದೂರ ಹೋಗಿ, "ಪೇಟೆಯೊಳಗೆ," ಎಂದು ಸೇರಿಸಿದರು.

ಗ್ರೋಂಗ್

ನಮ್ಮ ರೋಣದ ಹತ್ತಿರದ ಜಕ್ಕಲಿಯ ಕಡೆ ಯಾರನ್ನಾದರೂ ಊರು ಎಷ್ಟು ದೂರ ಎಂದು ಕೇಳಿ, "ಇಲ್ಲೇ ಐತ್ರಿ" ಅನ್ನುತ್ತಾರೆ. ಅರ್ಧ ತಾಸು ನಡೆದು ಇನ್ನೊಬ್ಬರನ್ನು ಕೇಳಿ, ಅವರೂ ಅದನ್ನೇ ಹೇಳುತ್ತಾರೆ. ಕಾರಿನ ಮೂಲೆಯ ಸಂಖ್ಯೆಗೂ ಇದೇ ಗುಣವಿತ್ತು. ಸಮಾಧಾನ ಹೇಳುವ ಗುಣ. ಆದರೆ ವೀರಪ್ಪನವರು ತೂಕದ ಮನುಷ್ಯ. ಓಡಿದ ದೂರವನ್ನೂ ಇಳಿದ ಸಂಖ್ಯೆಯನ್ನೂ ಮನಸ್ಸಿನಲ್ಲೇ ಎರಡು ತಟ್ಟೆಗೆ ಹಾಕಿ ತೂಗುತ್ತ ಕೂತರು.

"ಹತ್ತು ಕಿಲೋಮೀಟರ್ ಓಡಿದ್ರ ಹದಿನೈದು ಹದಿನಾರು ಇಳಿಯಾಕತ್ತೈತಿ. ತಕ್ಕಡ್ಯಾಗ ಏನೋ ಮೋಸ ಐತಿ."

ನಾನು ಮೋಸ ಎಂಬ ಪದ ಬಿಟ್ಟು ಉಳಿದದ್ದನ್ನು ಇಂಗ್ಲಿಷಿಗೆ ಮಾಡಿ ಕೇಳಿದೆ. ಬೀಗರು ಒಂದೊಂದೇ ಕಾರಣ ಹೇಳಿದರು. ಹೊರಗೆ ಚಳಿ, ಬ್ಯಾಟರಿಗೆ ಚಳಿ ಆಗದು. ಒಳಗೆ ನಮಗೆ ಬಿಸಿ ಬೇಕು, ಅದೂ ಅದೇ ಬ್ಯಾಟರಿಯಿಂದ. ಚಕ್ರಕ್ಕೆ ಹಿಮದಲ್ಲಿ ಜಾರದಂತೆ ಮೊಳೆ ಬಡಿದ ಟೈರು. ಮೇಲೆ ನಮ್ಮ ಪೆಟ್ಟಿಗೆಗಳಿಗೆಂದು ಕಟ್ಟಿದ ಡಬ್ಬಿ. ಹೆದ್ದಾರಿಯ ವೇಗ. ಎಲ್ಲಕ್ಕಿಂತ ಹೆಚ್ಚಾಗಿ ಎದುರುಗಾಳಿ.

ಗಾಳಿಯ ಮಾತು ಕೇಳಿ ನನಗೆ ನಗು ಬಂತು. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿವೆ; ನಮ್ಮಲ್ಲಿ ಗಾಳಿ ಕರೆಂಟು ಕೊಡುತ್ತದೆ. ಇಲ್ಲಿ ಅದೇ ಗಾಳಿ ಕರೆಂಟು ತಿನ್ನುತ್ತಿತ್ತು.

"ತಿಳೀತು ಬಿಡು," ಅಂದರು ಇವರು. "ಹಸಿ ಎರಿಮಣ್ಣಿನ ಹೊಲದಾಗ ಚಕ್ಕಡಿ ಹೊಡದಂಗ. ಎತ್ತು ಅವ, ಹಾದಿ ಬ್ಯಾರೆ."

ಒಂದು ದೊಡ್ಡ ಇಳಿಜಾರು ಬಂದಾಗ ಸಂಖ್ಯೆ ಇಳಿಯುವ ಬದಲು ಏರಿತು. ಇವರು ಮುಂದಕ್ಕೆ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದರು. ಚಕ್ರದ ಓಟವೇ ತಿರುಗಿ ಬ್ಯಾಟರಿ ತುಂಬುತ್ತದೆ ಎಂದು ಬೀಗರು ವಿವರಿಸಿದರು. ನಮ್ಮ ಕಾಲಕಾಲೇಶ್ವರನ ಗುಡ್ಡ ಇಳಿಯುವಾಗ ಟೆಂಪೋದವರು ಎಣ್ಣೆ ಉಳಿಸಲು ಇಂಜಿನ್ ಬಂದ್ ಮಾಡಿ ದೇವರ ಮೇಲೆ ಭಾರ ಹಾಕುತ್ತಾರೆ ಎಂದು ನಾನು ಹೇಳಿದೆ. ಬೀಗರ ಹುಬ್ಬು ಮೇಲೇರಿತು. ಅವರ ಮುಖದಲ್ಲಿ ನಾನು ಕಂಡ ಮೊದಲ ಚಲನೆ ಅದು.

ಈ ನಡುವೆ ಇವರು ಕೂತಲ್ಲೇ ಚಡಪಡಿಸತೊಡಗಿದರು. ಕೊನೆಗೆ ತಡೆಯಲಾರದೆ ನನ್ನ ಕಿವಿಯ ಹತ್ತಿರ ಬಂದು, "ನನಗ ಜ್ವರ ಬಂದಂಗ ಆಗೈತಿ. ಆದ್ರ ಬರೇ ಕೆಳಗ ಬಂದೈತಿ," ಅಂದರು. ಸೀಟು ಬಿಸಿ ಮಾಡುವ ಗುಂಡಿಯನ್ನು ತಾವೇ ಯಾವಾಗಲೋ ಒತ್ತಿಕೊಂಡಿದ್ದರು.

ಗ್ರೋಂಗ್ ಎಂಬ ಊರು ಮುಟ್ಟುವ ಹೊತ್ತಿಗೆ ಇನ್ನೂರು ಕಿಲೋಮೀಟರ್ ಓಡಿದ್ದೆವು. ಸಂಖ್ಯೆ ನೂರಾ ತೊಂಬತ್ತಕ್ಕೆ ಬಂದಿತ್ತು. ಅಲ್ಲಿ ಚಾರ್ಜಿಂಗ್. ಹತ್ತಾರು ಕಾರುಗಳು ಮೇವಿನ ಮುಂದೆ ಕಟ್ಟಿದ ದನಗಳಂತೆ ನಿಂತಿದ್ದವು. ಜನ ತಮ್ಮ ತಮ್ಮ ಕಾರಿನಲ್ಲಿ ಮೌನವಾಗಿ ಕೂತಿದ್ದರು, ಒಬ್ಬರೊಡನೊಬ್ಬರು ಮಾತಿಲ್ಲ. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ಒಬ್ಬರ ಮಗಳಿಗೆ ಇನ್ನೊಬ್ಬರ ಮಗನನ್ನು ಕೇಳಿ ಆಗಿರುತ್ತಿತ್ತು. ವೀರಪ್ಪನವರಿಗೆ ಆ ಮೌನ ಸಹಿಸಲಾಗಲಿಲ್ಲ. ನನ್ನನ್ನು ಕರೆದುಕೊಂಡು ಕಾರಿನಿಂದ ಕಾರಿಗೆ ಹೋದರು. ಎಲ್ಲರಿಗೂ ಒಂದೇ ಪ್ರಶ್ನೆ: ಪರದೆ ಹೇಳುವುದು ಬಿಡಿ, ಖರೇ ಎಷ್ಟು ಹೋಗುತ್ತದೆ?

ಆ ಮೌನಿಗಳು ಒಮ್ಮೆಲೇ ಬಾಯಿ ಬಿಟ್ಟರು. ಇಷ್ಟು ದಿನ ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಒಬ್ಬರು ಹೇಳಿದ್ದರಲ್ಲಿ ಅರ್ಧ ಅಂದರು. ಇನ್ನೊಬ್ಬರು ಮೂರರಲ್ಲಿ ಎರಡು ಪಾಲು ಅಂದರು. ಬೀಗರದೇ ನಮೂನೆಯ ಕಾರಿನಲ್ಲಿದ್ದ ಹೆಂಗಸೊಬ್ಬಳು, "ನಾನು ಓಡಿಸಿದರೆ ಮುನ್ನೂರ ಐವತ್ತು, ನನ್ನ ಗಂಡ ಓಡಿಸಿದರೆ ಇನ್ನೂರ ಎಂಬತ್ತು," ಅಂದಳು. ಪಕ್ಕದಲ್ಲಿ ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದ.

ಮರಳಿದಾಗ ಬೀಗರು ಪ್ಲಗ್ಗಿನೊಡನೆ ಸೆಣಸುತ್ತಿದ್ದರು. ಅದು ಹೆಪ್ಪುಗಟ್ಟಿ ಕಾರಿನ ಬಾಯಲ್ಲೇ ಕಚ್ಚಿತ್ತು. ಇವರು ಹೋಗಿ ಎರಡೂ ಅಂಗೈಯನ್ನು ಅದರ ಸುತ್ತ ಇಟ್ಟು, ಬಾಯಿಂದ ಬಿಸಿ ಉಸಿರು ಊದತೊಡಗಿದರು. ಸ್ವಲ್ಪ ಹೊತ್ತಿಗೆ ಬೀಗರೂ ಬಗ್ಗಿ ಆಚೆ ಬದಿಯಿಂದ ಊದಿದರು. ಇಬ್ಬರು ಬೀಗರು ತಲೆಗೆ ತಲೆ ಹಚ್ಚಿ ಒಂದು ಪ್ಲಗ್ಗಿಗೆ ಊದುವುದನ್ನು ಇಡೀ ಚಾರ್ಜಿಂಗ್ ಸ್ಟೇಷನ್ ನೋಡಿತು. ಅದು ಬಿಟ್ಟುಕೊಂಡಿತು.

ಮೋ ಇ ರಾನಾ

ಆ ರಾತ್ರಿ ತಂಗಿದ್ದು ಮೋ ಇ ರಾನಾ ಎಂಬ ಊರಿನಲ್ಲಿ. ಊಟವಾದ ಮೇಲೆ ಬಸುವಿನ ಫೋನು ಬಂತು.

"ಅಕ್ಕಾ, ಒಂದ ಮಾತ ಹೇಳೂದೈತಿ. ಮಾವಾರು ಬರಾಕತ್ತಾರಂತ ಇಂಗ್ರಿಡ್‌ಗ ನಾ ಹೇಳಿಲ್ಲ."

"ಯಾಕ?"

"ಎರಡ ವರ್ಷ ಆತು, ಅಪ್ಪ ಮಗಳು ಮಾತ ಬಿಟ್ಟಾರ. ಕೂಸನ್ನ ಅವರು ಇನ್ನೂ ನೋಡಿಲ್ಲ. ನಿಮ್ಮನ್ನ ಕರ್ಕೊಂಡು ಬರ್ರಿ ಅಂದಾಗ ಒಂದ ಮಾತ ಕೇಳಲಿಲ್ಲ, ಹೂಂ ಅಂದ್ರು. ಕಾರಣ ನೀ ಕೇಳಬ್ಯಾಡ. ಅವರಾಗೇ ಹೇಳಿದ್ರ ಬ್ಯಾರೆ."

ನಾನು ಇವರಿಗೆ ಹೇಳಿದೆ. ಇವರು, "ಹಂಗಾರ ನಾವು ಬೀಗರ ಪೆಟಗಿ ಹಂಗ," ಅಂದರು. "ನಮ್ಮನ್ನ ಇಳಸಾಕ ಬಂದೇನಿ ಅಂತ ಹೇಳಿ ಬಾಗಲ ಮಟ ಹೋಗಬಹುದು."

ಬೆಳಿಗ್ಗೆ ಎದ್ದರೆ ಕಾರು ಹಸಿದೇ ಇತ್ತು. ಲಾಡ್ಜಿನ ಹಿಂದಿನ ಪ್ಲಗ್ಗಿಗೆ ಹಚ್ಚಿ ಮಲಗಿದ್ದೆವು. ಎಲ್ಲೋ ಫ್ಯೂಸ್ ಹಾರಿ, ತುಂಬಿದ್ದು ತುತ್ತಿನಷ್ಟು. ಬೇಗ ತುಂಬುವ ಚಾರ್ಜರಿನ ಮುಂದೆ ರಸ್ತೆಯುದ್ದ ಸರದಿ, ಘಾಟಿ ಬಂದ್ ಎಂದು ಇಡೀ ಹೆದ್ದಾರಿಯ ಕಾರುಗಳು ಆ ಊರಲ್ಲೇ ಉಳಿದಿದ್ದವು. ನಮ್ಮ ಪಾಳಿ ಬಂದು ಪ್ಲಗ್ ಹಚ್ಚಿ ಸ್ವಲ್ಪ ಹೊತ್ತಾಗಿತ್ತು ಅಷ್ಟೇ. ಘಾಟಿಯ ಮೇಲೆ ಹಿಮ ತಳ್ಳುವ ಲಾರಿಯ ಹಿಂದೆ ಕಾರುಗಳನ್ನು ಸಾಲಾಗಿ ಬಿಡುತ್ತಾರೆ, ಇವತ್ತು ಒಂದೇ ಸಲ ಬಿಡುವುದು, ಅದಕ್ಕೆ ಈಗಲೇ ಹೊರಡಬೇಕು, ಎಂದು ಬೀಗರ ಫೋನಿಗೆ ಸುದ್ದಿ ಬಂತು.

ಸಂಖ್ಯೆ ಇನ್ನೂರ ನಲವತ್ತು. ಮುಂದಿನ ಚಾರ್ಜರು ಘಾಟಿಯಾಚೆ, ರೋಗ್ನಾನ್ ಎಂಬಲ್ಲಿ, ನೂರೈವತ್ತು ಕಿಲೋಮೀಟರ್.

"ನಿನ್ನಿ ಲೆಕ್ಕ ಹಿಡದ್ರ ಸರೀ ಸರೀ ಆಕ್ಕತಿ," ಅಂದರು ಇವರು. "ಒಂದ ಹಿಡಿ ಹೆಚ್ಚ ಇಲ್ಲ."

ಬೀಗರು ಪ್ಲಗ್ ಕಿತ್ತರು.

ಸಾಲ್ಟ್‌ಫ್ಯೆಲ್ ಘಾಟಿ

ಘಾಟಿಯ ಬುಡದಲ್ಲಿ ರಸ್ತೆಗೆ ಅಡ್ಡ ಗೇಟು. ನಮ್ಮ ಮುಂದೆ ಕೆಲವೇ ಕಾರು, ಹಿಂದೆ ಉದ್ದ ಸಾಲು. ಗೇಟಿನಾಚೆ ಏನೂ ಇರಲಿಲ್ಲ. ಗುಡ್ಡವಿಲ್ಲ, ರಸ್ತೆಯಿಲ್ಲ, ಅರಳೆ ಹಿಂಜುವ ಮಿಲ್ಲಿನೊಳಗೆ ಬಾಗಿಲು ಮುಚ್ಚಿ ನಿಂತ ಹಾಗೆ ಬರೀ ಬಿಳುಪು. ಗಾಳಿಗೆ ಆ ಭಾರದ ಕಾರೂ ಅಲುಗಾಡುತ್ತಿತ್ತು.

ಸಂಖ್ಯೆ ನೂರ ನಲವತ್ತು ಇದ್ದದ್ದು ನಿಂತಲ್ಲೇ ಕರಗತೊಡಗಿತು. ನಮ್ಮನ್ನು ಬಿಸಿ ಇಡಲು ಹೋಗುತ್ತಿದ್ದ ಪಾಲು ಅದು. ನೂರ ಮೂವತ್ತು. ನೂರ ಇಪ್ಪತ್ತು. ರೋಗ್ನಾನ್‌ಗೆ ಇನ್ನೂ ತೊಂಬತ್ತು ಕಿಲೋಮೀಟರ್ ಇತ್ತು.

"ಬಿಸಿ ಬಂದ್ ಮಾಡ್ಸು," ಅಂದರು ಇವರು.

ಬಂದ್ ಮಾಡಿದರು. ಹತ್ತು ನಿಮಿಷದಲ್ಲಿ ಪಾದ ನನ್ನವಲ್ಲ ಎನಿಸಿತು. ನಾನು ಮೇಲಿನ ಡಬ್ಬಿಯ ಪೆಟ್ಟಿಗೆ ತೆಗೆಸಿ ಕೌದಿ ಹೊರಗೆಳೆದೆ. ನಮ್ಮವ್ವ ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದು ಮಗ ಸೊಸೆಗೆಂದು ಕಳಿಸಿದ್ದು. ಮೊದಲು ಅವರೇ ಹೊದೆಯಲಿ ಎಂಬ ಆಸೆ ನನಗಿತ್ತು. ಬಿಟ್ಟೆ. ಹಿಂದಿನಿಂದ ಚಾಚಿ ಬೀಗರ ಹೆಗಲ ಮೇಲೆ ಅರ್ಧ ಹೊದಿಸಿ ಉಳಿದರ್ಧ ನಾವು ಎಳೆದುಕೊಂಡೆವು. ಅವರು ಕೌದಿಯ ಒಂದು ಚೌಕವನ್ನು ಬೆರಳಿನಿಂದ ಮುಟ್ಟಿ, "ಇದು ಏನು?" ಎಂದು ಕೇಳಿದರು. ನನ್ನ ಮದುವೆಯಲ್ಲಿ ಅವ್ವ ಉಟ್ಟ ಸೀರೆ ಎಂದೆ.

ಆಗ ಅವರು ಮಾತಾಡಿದರು. ಮುಂದಿನ ಗಾಜನ್ನೇ ನೋಡುತ್ತ, ನಡುವೆ ನಡುವೆ ನಿಲ್ಲುತ್ತ. ಅವರ ಹೆಂಡತಿಗೆ ಸಮುದ್ರದ ದಂಡೆಯಲ್ಲಿ ಒಂದು ಕಟ್ಟಿಗೆಯ ಸಣ್ಣ ಮನೆಯಿತ್ತು. ಇಂಗ್ರಿಡ್‌ಳ ಬೇಸಿಗೆಗಳೆಲ್ಲ ಅಲ್ಲೇ ಕಳೆದದ್ದು. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿಗೆ ಕಾಲಿಡಲು ಅವರಿಂದಾಗಲಿಲ್ಲ. ಮಗಳಿಗೆ ಒಂದು ಮಾತೂ ಹೇಳದೆ ಮಾರಿದರು. ಮಾರಿ ಈ ಕಾರು ತಂದರು.

"ಇದಿದ್ದರೆ ಬೇಕಾದಾಗ ಮಗಳ ಊರಿಗೆ ಹೋಗಬಹುದು ಅಂದುಕೊಂಡೆ," ಅಂದರು. "ಅವಳಿಗೆ ಮನೆ ಮಾರಿದ್ದು ಗೊತ್ತಾಯಿತು. ಆಮೇಲೆ ಹೋಗಲಿಲ್ಲ."

ನಾನು ಇವರಿಗೆ ಕನ್ನಡದಲ್ಲಿ ಹೇಳಿ ಮುಗಿಸಿದೆ. ಇವರು ಮುಂದಕ್ಕೆ ಬಗ್ಗಿ, ಬೀಗರ ಹೆಗಲ ಮೇಲಿಂದ ಜಾರಿದ್ದ ಕೌದಿಯ ಅಂಚನ್ನು ಎಳೆದು ಸರಿಮಾಡಿದರು.

ಹಿಮದ ಲಾರಿಯ ಚಾಲಕ ಪ್ರತಿ ಕಾರಿನ ಹತ್ತಿರ ಬಂದು ವಿಚಾರಿಸುತ್ತಿದ್ದ. ದಪ್ಪ ಗಡ್ಡ, ಅದರ ತುಂಬ ಹಿಮ. ಎಷ್ಟು ಉಳಿದಿದೆ, ಬೆಚ್ಚನೆ ಬಟ್ಟೆ ಇದೆಯೇ ಎಂದು ಕೇಳುತ್ತಾನೆ. ಸಾಲದೆಂದರೆ ಹಿಂದಕ್ಕೆ ತಿರುಗಿಸುತ್ತಾನೆ. ಬೀಗರು ಕಿಟಕಿ ಇಳಿಸಿದರು. ಸುಳ್ಳು ಹೇಳಬಹುದಿತ್ತು. ಪರದೆಯನ್ನು ತೋರಿಸಿದರು.

ಅವನು ಸಂಖ್ಯೆ ನೋಡಿದ, ಮೇಲಿನ ಡಬ್ಬಿ ನೋಡಿದ, ಬಣ್ಣ ಬಣ್ಣದ ಕೌದಿಯೊಳಗೆ ಮೂರು ತಲೆ ನೋಡಿದ. ಇಬ್ಬರೂ ಅವರ ಭಾಷೆಯಲ್ಲಿ ಸ್ವಲ್ಪ ಹೊತ್ತು ಮಾತಾಡಿದರು. ನನಗೆ ಅರ್ಥವಾದದ್ದು ಬೂಡೊ ಎಂಬ ಪದವೊಂದೇ. ಕೊನೆಗೆ ಆತ ಕೈಬೀಸಿ ಮುಂದಿನ ಕಾರುಗಳನ್ನು ಬದಿಗೆ ಸರಿಸಿ, ನಮ್ಮನ್ನು ತನ್ನ ಲಾರಿಯ ಬೆನ್ನಿಗೇ ನಿಲ್ಲಿಸಿದ.

"ಲಾರಿಯ ಮರೆಯಲ್ಲಿ ಗಾಳಿ ಕಡಿಮೆ," ಅಂದರು ಬೀಗರು. "ಮೇಲೆ ನಿಂತುಹೋದರೆ ಕಾರು ಅಲ್ಲೇ ಬಿಟ್ಟು ತನ್ನ ಲಾರಿ ಹತ್ತಬೇಕಂತೆ. ಒಪ್ಪಿದೆ."

ಹೊರಟೆವು. ಲಾರಿಯ ಹಳದಿ ದೀಪ ಒಂದು ಬಿಟ್ಟರೆ ಬೇರೇನೂ ಕಾಣದು. ನಮ್ಮ ಉಸಿರಿಗೆ ಒಳಗಿನ ಗಾಜು ಮಬ್ಬಾಗತೊಡಗಿತು. ಗೇಟು ದಾಟುವ ಮೊದಲೇ ಎದ್ದು ಬೀಗರ ಮಗ್ಗುಲಿಗೆ ಹೋಗಿ ಕೂತಿದ್ದ ಇವರು ಟವೆಲಿನಿಂದ ಒರೆಸುತ್ತಲೇ ಇದ್ದರು. ಒರೆಸುತ್ತ ಮಾತು ಬೇರೆ.

"ನೀವು ಮಾತಾಡಿದಷ್ಟೂ ಕಾಚ ಮಬ್ಬ ಆಗತೈತ್ರೀ," ಅಂದೆ.

ಅವರು ಬಾಯಿ ಮುಚ್ಚಿದರು. ಮದುವೆಯಾದಾಗಿನಿಂದ ಆ ಮಾತಿಗೆ ಅಷ್ಟು ಬೇಗ ಫಲ ಸಿಕ್ಕಿದ್ದು ಅದೊಂದೇ ಸಲ.

ಏರಿನಲ್ಲಿ ಸಂಖ್ಯೆ ನೂರರ ಕೆಳಗಿಳಿಯಿತು. ಎಂಬತ್ತು. ಎಪ್ಪತ್ತು. ನಾನು ಕೂಸಿನ ಮುಖ ನೆನೆಯಲು ನೋಡಿದೆ. ಫೋನಿನಲ್ಲಿ ಕಂಡ ಮುಖ ನೆನಪಿಗೆ ಬರಲಿಲ್ಲ. ಈ ಬಿಳುಪಿನಲ್ಲಿ ನಿಂತರೆ ಬೀಗರು ಕಾರು ಬಿಟ್ಟು ಇಳಿಯುತ್ತಾರೆಯೇ ಎಂಬ ಚಿಂತೆಯೂ ಹತ್ತಿತು. ಅವರ ಕೈಗಳು ಸ್ಟಿಯರಿಂಗ್ ಹಿಡಿದ ರೀತಿ ನೋಡಿದರೆ ಇಳಿಯುವವರ ಹಾಗೆ ಕಾಣಲಿಲ್ಲ.

ಆಮೇಲೆ ವಿಚಿತ್ರವಾಯಿತು. ನೆತ್ತಿಯ ಬಯಲು ಬಂತು. ಲಾರಿ ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ ತೆವಳುತ್ತಿತ್ತು. ದೂರ ಕಳೆಯುತ್ತಿತ್ತು, ಸಂಖ್ಯೆ ಮಾತ್ರ ಅಲ್ಲಾಡದೆ ನಿಂತಿತ್ತು. ಐದು ಕಿಲೋಮೀಟರ್ ಓಡಿತು, ಎರಡು ಇಳಿಯಿತು. ಇನ್ನೂ ಐದು ಓಡಿತು, ಒಂದು ಇಳಿಯಿತು. ಇವರು ಬೆರಳು ಮಾಡಿ ತೋರಿಸಿದರು, ಬಾಯಿ ಬಿಡುವಂತಿರಲಿಲ್ಲ.

"ನಿಧಾನ," ಅಂದರು ಬೀಗರು. "ವೇಗ ಇಳಿದರೆ ಗಾಳಿ ಅಷ್ಟು ತಡೆಯುವುದಿಲ್ಲ. ಹೆದ್ದಾರಿಯಲ್ಲಿ ಯಾರಿಗೂ ಇಷ್ಟು ನಿಧಾನ ಹೋಗಲು ಮನಸ್ಸಾಗದು."

ಇಳಿಜಾರು ಶುರುವಾಯಿತು. ಬಿಳುಪು ಹರಿದು ಮೊದಲು ಒಂದು ಮರ ಕಂಡಿತು, ಆಮೇಲೆ ಕಾಡು, ಆಮೇಲೆ ನೀಲಿ ಆಕಾಶದ ಒಂದು ತುಂಡು. ಸಂಖ್ಯೆ ಏರತೊಡಗಿತು. ಇವರು ತಡೆಯಲಾರದೆ ಬಾಯಿ ಬಿಟ್ಟರು. "ಏರಾಕತ್ತೈತಿ, ಏರಾಕತ್ತೈತಿ ನೋಡು."

ರೋಗ್ನಾನ್

ಪ್ಲಗ್ ಹಚ್ಚಿದಾಗ ಐವತ್ತೆಂಟು ಉಳಿದಿತ್ತು. ಹಿಮದ ಲಾರಿಯವನು ಹಾರ್ನ್ ಬಾರಿಸಿ ತಿರುಗಿ ಘಾಟಿ ಹತ್ತಿದ. ನಾವು ಬಿಸಿ ಕಾಫಿ ಹಿಡಿದು ಕೂತೆವು.

ಇವರು ನರಗುಂದಕ್ಕೆ ಫೋನು ಹಚ್ಚಿದರು. ಆ ಕಡೆ ಚಿಗವ್ವನ ಮಗನ ದನಿ ನನಗೂ ಕೇಳುತ್ತಿತ್ತು. "ಅಣ್ಣಾ, ಖರೇ ಎಷ್ಟ ಹೋಗತೈತಿ, ಅದನ್ನ ಹೇಳು."

"ಬಿಸಲಾಗ ಎಷ್ಟೋ, ಥಂಡ್ಯಾಗ ಎಷ್ಟೋ. ಓಡ್ಸಾವ್ನ ಮ್ಯಾಲೆ ಐತಿ, ಗಾಳಿ ಮ್ಯಾಲೆ ಐತಿ," ಅಂದರು ಇವರು. "ಬೆಂಗಳೂರಿಗೆ ಹೋಗು. ನಡುವ ಎಲ್ಲೆರ ಇಳದು ಊಟ ಮಾಡು. ಒಂದ ಉಸುರಿಗೆ ಹೋಗಿ ಏನ್ ಮಾಡಾವ್ ಅದಿ?"

ಬೂಡೊ

ಬಾಗಿಲು ತೆಗೆದವಳು ಇಂಗ್ರಿಡ್. ನಮ್ಮನ್ನು ಕಂಡು ಮುಖ ಅರಳಿತು. ನಮ್ಮ ಹಿಂದೆ ಪೆಟ್ಟಿಗೆ ಹಿಡಿದು ನಿಂತವರನ್ನು ಕಂಡು ಹಾಗೇ ನಿಂತಿತು. ಅವರಿಗೆ ಒಂದು ಸಣ್ಣ ಮಾತು ಹೇಳಿ ಒಳಗೆ ಹೋದಳು. ಏನಂದಳು ಎಂದು ಆಮೇಲೆ ಬಸುವನ್ನು ಕೇಳಿದೆ.

"ಬೂಟು ಹೊರಗ ಬಿಡು ಅಂದ್ಲು. ಅಷ್ಟ."

ಅಂದರೆ ಒಳಗೆ ಬರಬಹುದು ಎಂದು ನಾನು ಅರ್ಥಮಾಡಿಕೊಂಡೆ. ಬೀಗರು ಬಂದರು, ಗೋಡೆಯ ಬದಿಯ ಕುರ್ಚಿಯಲ್ಲಿ ಕೂತರು. ಕೂಸು ಮಲಗಿತ್ತು. ಇಂಗ್ರಿಡ್ ತೋರಿಸಲಿಲ್ಲ, ಅವರು ಕೇಳಲಿಲ್ಲ.

ರವಿವಾರ ಮುಂಜಾನೆ ಕಾರ್ಯ. ತೊಟ್ಟಿಲು ಇರಲಿಲ್ಲ. ಬಸು ವ್ಯಾಯಾಮಕ್ಕೆಂದು ಬಾಗಿಲ ಚೌಕಟ್ಟಿಗೆ ಬಡಿದಿದ್ದ ಕಬ್ಬಿಣದ ಸರಳಿಗೆ, ನಮ್ಮ ತವರಿನ ಮಗ್ಗದಲ್ಲಿ ನೇಯ್ದ, ನಮ್ಮ ಕಡೆಯ ಪಟ್ಟೇದ ಅಂಚಿನ ಸೀರೆಯನ್ನು ಜೋಳಿಗೆಯಾಗಿ ಕಟ್ಟಿದೆ. ಇಂಗ್ರಿಡ್‌ಳ ಗೆಳತಿಯರು ನಾಲ್ಕೈದು ಜನ ಬಂದಿದ್ದರು. ನಮ್ಮಲ್ಲಿ ಇಬ್ಬರು ಹೆಂಗಸರು ತೊಟ್ಟಿಲ ಆಚೆ ಈಚೆ ನಿಂತು ಮೊದಲು ಗುಂಡುಕಲ್ಲನ್ನು, ಆಮೇಲೆ ಕೂಸನ್ನು, ತೊಟ್ಟಿಲ ಕೆಳಗಿನಿಂದ ದಾಟಿಸಿ ಮೇಲಿನಿಂದ ಮರಳಿ ಪಡೆಯುತ್ತಾರೆ. ಮೂರು ಸುತ್ತು. ಗುಂಡುಕಲ್ಲನ್ನು ಇವರೂ ಬೀಗರೂ ಹೋಗಿ ಸಮುದ್ರದ ದಂಡೆಯಿಂದ ಆರಿಸಿ ತಂದಿದ್ದರು.

ಈಚೆ ಇಂಗ್ರಿಡ್‌ಳನ್ನು ನಿಲ್ಲಿಸಿದೆ. ಆಚೆ ಯಾರು ಎಂದು ಎಲ್ಲರೂ ನೋಡಿದರು. ನಾನು ಕುರ್ಚಿಯ ಕಡೆ ತಿರುಗಿ ಬೀಗರನ್ನು ಕರೆದೆ.

ಬಸು ನನ್ನ ಹತ್ತಿರ ಬಂದು, "ಅಕ್ಕಾ, ಅದು ಹೆಂಗಸರ ಕೆಲಸ ಅಲ್ಲೇನ?" ಅಂದ.

"ಈ ಮನ್ಯಾಗ ಸ್ವಾದರತ್ತಿ ಹೇಳಿದ್ದ ಪದ್ಧತಿ. ನೀ ಸರಿ ಆಚಿ."

ಅಪ್ಪ ಮಗಳು ಸೀರೆಯ ಆಚೆ ಈಚೆ ನಿಂತರು. ಕಲ್ಲು ಕೆಳಗಿನಿಂದ ಹೋಯಿತು, ಮೇಲಿನಿಂದ ಬಂತು. ಕೊಡುವಾಗ "ತಗೋ" ಅನ್ನಬೇಕು ಎಂದು ಇಬ್ಬರಿಗೂ ಕಲಿಸಿದ್ದೆ. ಕಲ್ಲಿನ ಸುತ್ತುಗಳು ಸಲೀಸಾಗಿ ಮುಗಿದವು, ಗೆಳತಿಯರು ನಕ್ಕರು.

ನಾನು ಕೂಸನ್ನು ಇಂಗ್ರಿಡ್‌ಳ ಕೈಗೆ ಕೊಟ್ಟೆ. ಅವಳು ನಿಂತಳು. ನಗು ನಿಂತಿತು. ಬೀಗರು ಮಂಡಿಯೂರಿ ಸೀರೆಯ ಕೆಳಗೆ ಎರಡೂ ಕೈ ಚಾಚಿದ್ದರು. ಮಗಳ ಮುಖ ಅವರಿಗೆ ಕಾಣುತ್ತಿರಲಿಲ್ಲ, ಅವರ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಆ ಕೈಗಳು ಮಾತ್ರ. ಅವಳು ಬಗ್ಗಿದಳು.

"ತಗೋ," ಅಂದಳು.

ಅವರು ತೆಗೆದುಕೊಂಡರು. ಎದ್ದು ನಿಂತರು. ಈಗ ಸೀರೆಯ ಮೇಲಿನಿಂದ ಮರಳಿ ಕೊಡಬೇಕು. ಕೊಡಲಿಲ್ಲ. ಕೂಸನ್ನು ಎದೆಗೆ ಹಿಡಿದು ಅದರ ಮುಖವನ್ನೇ ನೋಡುತ್ತ ನಿಂತರು. ನಾವು ಕಾದೆವು.

"ಕೊಡ್ರಿ ಬೀಗರ," ಅಂದರು ನಮ್ಮ ಮನೆಯವರು ಮೆಲ್ಲಗೆ. "ಇನ್ನೂ ಎರಡ ಸುತ್ತ ಅದಾವು."

ಇಂಗ್ರಿಡ್ ನಮ್ಮ ಮನೆಯವರನ್ನು ಕೈಸನ್ನೆಯಿಂದ ತಡೆದಳು. ಬಸುವಿನಿಂದ ಕಲಿತ ಹತ್ತಿಪ್ಪತ್ತು ಕನ್ನಡದ ಮಾತುಗಳಲ್ಲಿ ಹುಡುಕಿ ಒಂದನ್ನು ತೆಗೆದಳು.

"ಇರ್ಲಿ," ಅಂದಳು.

ಕೂಸು ಅಜ್ಜನ ತೋಳಲ್ಲೇ ಇತ್ತು. ನಾನು ಅಲ್ಲೇ ಹೋಗಿ, ತುದಿಗಾಲ ಮೇಲೆ ನಿಂತು, ಅದರ ಕಿವಿಯಲ್ಲಿ ಹೆಸರು ಕರೆದೆ.